ಸೋಮವಾರದ ಹೆಬ್ಬಟ್ಟು

ತೋರಣಕೊಪ್ಪದ ಕರೆವ್ವ ಓದು ಬರಹ ಕಲಿತವಳಲ್ಲ. ಆದರೆ ಓದು ಬರಹ ಕಲಿತವರನ್ನು ಕಂಡರೆ ಅವಳಿಗಿದ್ದಷ್ಟು ತಿರಸ್ಕಾರ ಆ ಊರಲ್ಲಿ ಇನ್ಯಾರಿಗೂ ಇರಲಿಲ್ಲ. ಅದೇನು ಹುಟ್ಟಿನಿಂದ ಬಂದದ್ದಲ್ಲ. ಹನ್ನೊಂದು ವರ್ಷ ಉಳಿವೆಪ್ಪ ಸಾವ್ಕಾರನ ಔಷಧದ ಅಂಗಡಿಯ ಹಿತ್ತಲಲ್ಲಿ ಕೂತು, ಸೀಸೆ ತೊಳೆದು ತೊಳೆದು ಗಳಿಸಿದ್ದು.

ಆ ಕಾಲಕ್ಕೆ ಔಷಧಕ್ಕೆ ಬರುವವರು ಸೀಸೆಯನ್ನು ಮನೆಯಿಂದಲೇ ತರಬೇಕಿತ್ತು. ಒಂದರಲ್ಲಿ ಚಿಮಣಿ ಎಣ್ಣೆಯ ವಾಸನೆ, ಇನ್ನೊಂದರಲ್ಲಿ ಔಡಲೆಣ್ಣೆಯ ಜಿಡ್ಡು. ಕರೆವ್ವ ಬೂದಿ ಹಾಕಿ, ಬಿಸಿನೀರು ಕುಲುಕಿ, ಬಿಸಿಲಿಗೆ ಬೋರಲು ಹಾಕುವಳು. ಕಾಗದದ ಪಟ್ಟಿಗೆ ಕತ್ತರಿಯಿಂದ ಕಚ್ಚು ಹಾಕಿ ಅಂಟಿಸುವವಳೂ ಅವಳೇ. ಒಂದು ಕಚ್ಚಿಗೆ ಒಂದು ಹೊತ್ತಿನ ಔಷಧ. ಬಾಗಿಲಲ್ಲಿ ಯಾರೇ ನಿಂತರೂ ಉಳಿವೆಪ್ಪನ ಮೊದಲ ಮಾತು ಒಂದೇ: "ಸೀಸೆ ತಂದೀಯೇನು?" ಜ್ವರದಿಂದ ನಡುಗುವ ಕೂಸನ್ನು ಎತ್ತಿಕೊಂಡು ಬಂದವಳಿಗೂ ಅದೇ. ತಂದಿಲ್ಲವೆಂದರೆ ಹೊಳ್ಳಿ ಹೋಗಬೇಕು.

ತೊಳೆದ ಸೀಸೆಯಲ್ಲಿ ಅವನು ತುಂಬಿಸುತ್ತಿದ್ದ ಕೆಂಪು ಔಷಧ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತ ಬಂತು. ಕರೆವ್ವ ಅದನ್ನು ಬೆಳಕಿಗೆ ಹಿಡಿದು ನೋಡುವಳು.

"ನೀರಿಗೆ ಬಣ್ಣ ಹಾಕೂದು ಹೋಳಿ ಹುಣ್ಣಿವ್ಯಾಗ್ರಿ ಸಾವ್ಕಾರ್ರ. ಈಗಿನ್ನೂ ಶ್ರಾವಣ."

"ತೊಳಿಯೋದು ನಿನ್ನ ಕೆಲಸ. ತೊಳಿ," ಎನ್ನುವನು ಉಳಿವೆಪ್ಪ. ಅವನಿಗೆ ಸೀಸೆ ತೊಳೆಯುವ ಹೆಂಗಸೂ ಒಂದೇ, ಮೂಲೆಯ ಕಸಬರಿಗೆಯೂ ಒಂದೇ. ಕಸಬರಿಗೆಗೆ ಕಿವಿ ಇರುತ್ತದೆಂದು ಯಾರು ತಾನೇ ಎಣಿಸುತ್ತಾರೆ?

ಅರವತ್ತೊಂದನೆಯ ಇಸವಿಯಲ್ಲಿ ತಾಲೂಕು ಬೋರ್ಡಿನವರು ಬಡವರಿಗೊಂದು ಅನುಕೂಲ ಮಾಡಿದರು. ದವಾಖಾನೆಯ ಡಾಕ್ಟರು ಹಳದಿ ಚೀಟಿ ಬರೆದುಕೊಟ್ಟರೆ ಉಳಿವೆಪ್ಪನ ಅಂಗಡಿಯಲ್ಲಿ ಔಷಧ ಪುಕ್ಕಟೆ. ರೋಗಿಗೊಂದು ಪುಟದಂತೆ ಅವನು ಪುಸ್ತಕ ಇಡಬೇಕು. ಔಷಧ ಕೊಟ್ಟಾಗಲೆಲ್ಲ ತಾರೀಖು, ವಾರ, ಎಷ್ಟು ಕೊಟ್ಟದ್ದು ಎಂದು ಬರೆದು ಮುಂದೆ ರೋಗಿಯ ಹೆಬ್ಬಟ್ಟು ಒತ್ತಿಸಿಕೊಳ್ಳಬೇಕು. ತಿಂಗಳಿಗೊಮ್ಮೆ ಅದರ ನಕಲು ಮಾಡಿ ಕಳಿಸಿದರೆ ಬೋರ್ಡು ಬಿಲ್ಲಿನ ರೊಕ್ಕ ಕೊಡುತ್ತದೆ. ಮೂರು ತಿಂಗಳಿಗೊಮ್ಮೆ ತಪಾಸಣಿ ಸಾಹೇಬ ಬಂದು ಪುಸ್ತಕ ನೋಡಿ ಸಹಿ ಹಾಕುತ್ತಾನೆ.

ಅಂದಿನಿಂದ ಉಳಿವೆಪ್ಪನಿಗೆ ಔಷಧಕ್ಕಿಂತ ಪುಸ್ತಕ ಹೆಚ್ಚಾಯಿತು. ಅದಕ್ಕೆ ಕೆಂಪು ಅರಿವೆಯ ಗವಸು. ಬೆಳಿಗ್ಗೆ ಬಾಗಿಲು ತೆಗೆದೊಡನೆ ಅದಕ್ಕೆ ಊದಿನಕಡ್ಡಿ. ಅವನ ಅಕ್ಷರವೋ, ಮುತ್ತು ಪೋಣಿಸಿದಂತೆ; ಒಂದು ಗೀಟು ಸೊಟ್ಟಗಾಗಲಿಲ್ಲ, ಒಂದು ಹನಿ ಶಾಯಿ ಚೆಲ್ಲಲಿಲ್ಲ. ಅಷ್ಟು ಚೆಂದದ ಸುಳ್ಳನ್ನು ಹಿರೇಕೆರೂರಿನಿಂದ ಹಾನಗಲ್ಲಿನವರೆಗೆ ಇನ್ನೊಬ್ಬ ಬರೆದಿರಲಾರ.

ಕರೆವ್ವನಿಗೆ ಗಂಡ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಇದ್ದವಳೊಬ್ಬಳೇ ತಂಗಿ, ಗುತ್ತೆವ್ವ. ತಾಯಿ ಸತ್ತಾಗ ಗುತ್ತೆವ್ವನಿಗೆ ಮೂರು ವರ್ಷ. ಕರೆವ್ವ ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿ, ಒಂದೂವರೆ ಹರದಾರಿ ದೂರದ ಕರೆಮಡ್ಡಿಯ ಚೌಡಪ್ಪನಿಗೆ ಕೊಟ್ಟಿದ್ದಳು. ಚೌಡಪ್ಪ ಮಾಸೂರಿನ ಗದ್ದೆಗಳಲ್ಲಿ ಕೂಲಿ ಮಾಡುವವನು, ಸಾಧು. ಅರವತ್ತಮೂರರ ಬೇಸಿಗೆಯಲ್ಲಿ ಗುತ್ತೆವ್ವನಿಗೆ ಕೆಮ್ಮು ಹತ್ತಿತು. ಮುಂಗಾರಿನ ಮಿರಗದ ಮಳೆ ಬೀಳುವ ಹೊತ್ತಿಗೆ ಕೆಮ್ಮಿನಲ್ಲಿ ರಕ್ತ ಬಿತ್ತು. ಡಾಕ್ಟರು ಎದೆಗೆ ಕಿವಿಗೊಟ್ಟು ಕೇಳಿ ಹಳದಿ ಚೀಟಿ ಬರೆದರು: ಕ್ಷಯದ ಸೂಜಿ ಔಷಧ, ಅರವತ್ತು ಸಣ್ಣ ಸೀಸೆ, ವಾರಕ್ಕೆ ಆರರಂತೆ ಹತ್ತು ವಾರ. ಸೂಜಿ ಮಾಡಲು ಕರೆಮಡ್ಡಿಯಲ್ಲೇ ಸರಕಾರದ ನರ್ಸಬಾಯಿ ಲಾಲಬಿ ಇದ್ದಳು.

ಮೊದಲ ಗುರುವಾರ, ಸಂತೆಗೆ ಬರುವ ನೆರೆಮನೆಯವರ ಗಾಡಿಯಲ್ಲಿ ಗುತ್ತೆವ್ವ ಬಂದಳು. ಉಳಿವೆಪ್ಪ ಹೊಸ ಪುಟ ತೆರೆದು ಅವಳ ಹೆಬ್ಬೆರಳು ಹಿಡಿದುಕೊಂಡ.

"ಬ್ಯಾನಿ ಬಿದ್ದ ಜೀವ. ವಾರಾ ವಾರಾ ಬಂದು ಒತ್ತೋ ತ್ರಾಸ ಯಾಕ? ಹತ್ತೂ ಇವತ್ತ ಒತ್ತಿಬಿಡವಾ. ಬರಿಯೋದು ನಾ ಬರಕೊಂತೇನಿ."

ಹತ್ತು ಸಲ ಒತ್ತಿಸಿಕೊಂಡ. ಮೇಲಿನಿಂದ ಕೆಳಗೆ, ಒಂದೇ ಅಂತರದಲ್ಲಿ, ಬರೆಯುವ ಜಾಗವೆಲ್ಲ ಖಾಲಿ ಬಿಟ್ಟು. ಗುತ್ತೆವ್ವ ಕೈ ಮುಗಿದು, "ಹೊಟ್ಟಿ ತಣ್ಣಗಿರಲ್ರಿ ನಿಮ್ಮದು," ಅಂದಳು. ಕರೆವ್ವ ಹಿತ್ತಲಲ್ಲಿದ್ದಳು, ನೋಡಲಿಲ್ಲ.

ಮೂರು ಗುರುವಾರ ಆರಾರು ಸೀಸೆ ಬಂದವು. ನಾಲ್ಕನೆಯ ವಾರ, "ಮುಂಬೈಯಿಂದ ಮಾಲು ಬಂದಿಲ್ಲ" ಎಂದ. ಐದನೆಯ ವಾರವೂ ಅದೇ, ಆರನೆಯದೂ ಅದೇ, ಒಂಬತ್ತನೆಯವರೆಗೂ ಅದೇ. ಕೇಳಿ ಕೇಳಿ ಕರೆವ್ವನ ನಾಲಿಗೆ ಸವೆಯಿತು. "ರೈಲು ನಾ ಹೊಡಿತೇನೇನು?" ಎನ್ನುವನು ಉಳಿವೆಪ್ಪ.

ಈಗ ಸೋಮವಾರದ ಮಾತಿಗೆ ಬರೋಣ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಉಳುಮೆಯಿಲ್ಲ, ಗಾಡಿಯಿಲ್ಲ, ಹೆಣ ಸಾಗಿಸುವುದಿದ್ದರೂ ಹೆಗಲ ಮೇಲೆಯೇ. ಹಾಗಾಗಿ ಸೋಮವಾರ ಸುತ್ತಲ ಹಳ್ಳಿಯವರು ಯಾರೂ ಅಂಗಡಿಗೆ ಬರುತ್ತಿರಲಿಲ್ಲ. ಉಳಿವೆಪ್ಪ ಗುಡಿಗೆ ಹೋಗಿ, ಕಲ್ಲು ಬಸವಣ್ಣನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದು ನಿರಾಂತವಾಗಿ ಪುಸ್ತಕ ತೆರೆಯುತ್ತಿದ್ದ. ವಾರದಲ್ಲಿ ಅವನಿಗೆ ಬಿಡುವಿನ ದಿನ ಅದೊಂದೇ.

ಹತ್ತನೆಯ ವಾರದ ಸೋಮವಾರ ಮಳೆ ಹಿಡಿದಿತ್ತು. ಹಿತ್ತಲಲ್ಲಿ ಕೂರಲಾಗದೆ ಕರೆವ್ವ ಸೀಸೆಯ ಬುಟ್ಟಿ ಎತ್ತಿಕೊಂಡು ಒಳಗೆ ಬಂದಳು. ಉಳಿವೆಪ್ಪನಿಗೆ ಬರೆದದ್ದನ್ನು ತಾನೇ ಬಾಯಿಬಿಟ್ಟು ಓದಿಕೊಳ್ಳುವ ಚಟ.

"ಸೋಮವಾರ. ಗುತ್ತೆವ್ವ ಕೋಂ ಚೌಡಪ್ಪ, ವಾಸ ಕರೆಮಡ್ಡಿ. ಸೀಸೆ ಆರು. ಮುಟ್ಟಿದವು. ಒಟ್ಟು ಅರವತ್ತು."

ಕರೆವ್ವ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಮಳೆ ಬಿಟ್ಟರೆ ಯಾರೂ ಇರಲಿಲ್ಲ. ಕೈಯಲ್ಲಿದ್ದ ಸೀಸೆಯನ್ನು ಒರೆಸಿ ಇಟ್ಟಳು, ಇನ್ನೊಂದನ್ನು ತೆಗೆದುಕೊಂಡಳು.

ಎರಡು ದಿನ ಬಿಟ್ಟು ಕರೆಮಡ್ಡಿಗೆ ಹೋದಳು. ಗುತ್ತೆವ್ವ ಗೋಡೆಗೆ ಒರಗಿದ್ದಳು. ಕೊರಳ ಎಲುಬುಗಳ ನಡುವಿನ ಕುಳಿಯಲ್ಲಿ ಪಾವು ಜೋಳ ತುಂಬಬಹುದಿತ್ತು. ಲಾಲಬಿ ಕರೆವ್ವನನ್ನು ಹೊರಗೆ ಕರೆದಳು.

"ಕರೆವ್ವಾ, ಹದಿನೆಂಟು ಸೂಜಿ ಮಾಡೀನಿ. ಅಷ್ಟರಾಗ ನಿಂತೈತಿ. ಹಿಂಗ ಅರ್ಧಕ್ಕ ಬಿಟ್ರ ಬ್ಯಾನಿ ಮೊದಲಿಗಿಂತ ಜೋರಾಗತೈತಿ. ಈ ತಿಂಗಳ ಮತ್ತ ಚಾಲೂ ಆಗ್ಲಿಲ್ಲಂದ್ರ ಆಕಿ ದೀಪಾವಳಿ ಕಾಣೂದಿಲ್ಲ."

"ಡಾಕ್ಟರಿಗೆ ಹೇಳಿ ಮತ್ತೊಂದ ಚೀಟಿ ಬರಸ್ರಿ ಬಾಯಾರ."

"ನಿನ್ನಿ ಕೇಳೀನಿ. ಒಬ್ಬರಿಗೆ ವರ್ಷಕ್ಕ ಒಂದ ಚೀಟಿ ಅಂತ ಬೋರ್ಡಿನ ಕಾಯ್ದೆ. ಅರವತ್ತೂ ಮುಟ್ಯಾವಂತ ನಿಮ್ಮ ಸಾವ್ಕಾರ ಬರಕೊಟ್ಟಾನ. ಹೆಬ್ಬಟ್ಟು ಬ್ಯಾರೆ ಅದಾವ."

ಒಳಗಿನಿಂದ ಗುತ್ತೆವ್ವ ಸಣ್ಣ ದನಿಯಲ್ಲಿ, "ಒತ್ತೀನಕ್ಕಾ. ಹತ್ತೂ ನಾನ ಒತ್ತೀನಿ," ಅಂದಳು.

ನೋಡಿದರೆ ಆ ಪುಟ ಬರಿ ಕಾಗದ. ಅದು ಗುತ್ತೆವ್ವನ ಪಾಲಿನ ನಲವತ್ತೆರಡು ಸೀಸೆಗಳನ್ನು ನುಂಗಿತ್ತು. ಸೀಸೆಗಳು ಎರಡು ಪಟ್ಟು ರೊಕ್ಕಕ್ಕೆ ಯಾರೋ ಉಳ್ಳವರ ಮನೆ ಸೇರಿದ್ದವು.

ಆ ಶುಕ್ರವಾರ ತಪಾಸಣಿಗೆ ಶಿದ್ಲಿಂಗಪ್ಪ ಸಾಹೇಬ ಬಂದ. ಶಿಗ್ಗಾಂವಿ ಕಡೆಯ ಒಕ್ಕಲುತನದ ಮನೆಯಲ್ಲೇ ಹುಟ್ಟಿದವನು; ಮಣ್ಣು ತೊಳೆದುಕೊಂಡು ನೌಕರಿ ಸೇರಿ, ಈಗ ಎರಡು ಗಲ್ಲದ ಜೊತೆ ಮೂರನೆಯದನ್ನು ಬೆಳೆಸುತ್ತಿದ್ದ. ತಪಾಸಣಿ ಎಂದರೆ ಮೊದಲು ಒಂದು ತಾಟು ಮಂಡಕ್ಕಿ, ಎಂಟು ಮೆಣಸಿನಕಾಯಿ ಭಜಿ. ಆಮೇಲೆ ಬೆರಳು ಒರೆಸಿಕೊಂಡು ಪುಟಗಳ ಅಡಿಯ ಒಟ್ಟುಗಳನ್ನು ಕೂಡಿಸಿ ನೋಡುವುದು.

"ಎಲ್ಲಾ ಬರೋಬ್ಬರಿ ಐತಿ ಉಳಿವೆಪ್ಪ. ನಿನ್ನಂಗ ಪುಸ್ತಕ ಇಡವರು ತಾಲೂಕಿನ್ಯಾಗ ಇಲ್ಲ ನೋಡು."

ಕರೆವ್ವ ಚಹಾದ ಬಟ್ಟಲು ಇಟ್ಟವಳು ಹಿಂದೆ ಸರಿಯಲಿಲ್ಲ.

"ಸಾಹೇಬ್ರ, ಕರೆಮಡ್ಡಿ ಗುತ್ತೆವ್ವನ ಪುಟ ತಗೀರಿ."

ಉಳಿವೆಪ್ಪ ನಕ್ಕ. "ಸೀಸೆ ತೊಳ್ಯಾಕಿರಿ. ತಂಗಿಗೆ ಜಡ್ಡು ಬಂದಾಗಿಂದ ತಲಿ ನೆಟ್ಟಗಿಲ್ಲ."

"ನನ್ನ ತಲಿ ಆಮ್ಯಾಲೆ ನೋಡೂನ್ರಿ. ಮೊದಲ ಪುಟ ನೋಡ್ರಿ."

ಸಾಹೇಬ ಪುಟ ತೆಗೆದ. "ಹತ್ತ ಹೆಬ್ಬಟ್ಟು ಅದಾವಲ್ಲವಾ. ನಿನ್ನ ತಂಗೀವು ಅಲ್ಲೇನು?"

"ಅಕೀವರಿ. ಬಟ್ಟು ಖರೇನ ಅದಾವ. ವಾರ ಯಾವುದೈತಿ, ಅದನ್ನ ಓದ್ರಿ."

ಸಾಹೇಬ ಬೆರಳಿಟ್ಟು ಓದತೊಡಗಿದ. "ಗುರುವಾರ. ಗುರುವಾರ. ಗುರುವಾರ. ಸೋಮವಾರ. ಸೋಮವಾರ. ಸೋಮವಾರ..." ಏಳು ಸೋಮವಾರ ಓದಿ ತಲೆ ಎತ್ತಿದ. "ಏನೀಗ?"

"ನಿಮ್ಮ ಊರಾಗ ಸೋಮವಾರ ಗಾಡಿ ಹೂಡತಾರೇನ್ರಿ?"

ಸಾಹೇಬನ ಬೆರಳು ಪುಟದ ಮೇಲೆ ಅಲ್ಲೇ ನಿಂತಿತು.

"ನಡಕೊಂತ ಬಂದಿರಬೇಕು," ಎಂದ ಉಳಿವೆಪ್ಪ.

"ಪಡಸಾಲಿಯಿಂದ ಅಡಗಿಮನಿಗೆ ಹೋಗಾಕ ಗ್ವಾಡಿ ಹಿಡಿಯಾಕಿ, ಒಂದೂವರಿ ಹರದಾರಿ ಕೆಸರಾಗ ಏಳ ಸಲ ನಡಕೊಂಡು ಬಂದಳ? ಅಷ್ಟ ಕಸುವಿದ್ರ ಅಕಿಗೆ ನಿಮ್ಮ ಔಷಧ ಯಾಕ ಬೇಕಿತ್ತರಿ ಸಾವ್ಕಾರ್ರ? ಉಳಿದ ಪುಟಾನೂ ತಗೀರಿ ಸಾಹೇಬ್ರ. ಸೋಮವಾರ ಈ ಅಂಗಡ್ಯಾಗ ನೊಣ ಸೈತ ಇರೂದಿಲ್ಲ. ಪುಸ್ತಕದಾಗ ಸಂತಿ ನೆರದಿರತೈತಿ."

ಸಾಹೇಬ ಪುಟ ತಿರುಗಿಸಿದ. ದೂರದ ಹಳ್ಳಿಯವರು, ಮುದುಕರು, ಬಾಣಂತಿಯರು, ಕಾಲು ಮುರಿದವರು, ಎಲ್ಲರೂ ಸೋಮವಾರವೇ ಬಂದಿದ್ದರು. ಬರೆಯುವ ಬಿಡುವು ಸೋಮವಾರ ಸಿಗುತ್ತದೆ, ಬರೆದ ದಿನದ ವಾರವನ್ನೇ ಹಾಕಿದರಾಯಿತು. ಇಷ್ಟೇ ಉಳಿವೆಪ್ಪನ ಬುದ್ಧಿ. ಬೆಳಿಗ್ಗೆ ಬಸವಣ್ಣನ ಬೆನ್ನು ಮುಟ್ಟಿ ಬಂದ ಕೈಯಿಂದಲೇ ಬರೆದಿದ್ದ. ಜೀವಮಾನದಲ್ಲಿ ನೊಗ ಮುಟ್ಟದವನಿಗೆ ಅದೆಲ್ಲಿ ಹೊಳೆಯಬೇಕು? ಸಾಹೇಬನಿಗೆ ಬೆವರು ಬಂದದ್ದು ಮಾತ್ರ ಸೋಮವಾರಗಳಿಂದಲ್ಲ. ಮೂರು ಮೂರು ತಿಂಗಳಿಗೆ, ಆ ಸೋಮವಾರಗಳ ಕೆಳಗೆ, ಗುಂಡಗೆ ಬಿದ್ದಿದ್ದ ತನ್ನದೇ ಸಹಿಗಳಿಂದ.

ಕರೆವ್ವನನ್ನು ಹೊರಗೆ ಕಳಿಸಿದರು. ಅವಳು ಕಿಟಕಿಯ ಕೆಳಗೆ ಕೂತು, ನಾಚಿಕೆಯಿಲ್ಲದೆ ಎಲ್ಲ ಕೇಳಿಸಿಕೊಂಡಳು.

"ಮಂಗಳವಾರ ಪುಸ್ತಕ ಮ್ಯಾಲಿನ ಕಚೇರಿಗೆ ಹೋಗೂದೈತಿ. ಈ ಹೆಂಗಸ ಅಲ್ಲೀತನಕ ಬಂದ್ಲಂದ್ರ ನಿನ್ನ ಕೂಡ ನಾನೂ ಹೋಗತೇನಿ ನೋಡು."

"ಏನರೆ ಮಾಡ್ರಿ ಸಾಹೇಬ್ರ."

"ಅಕಿ ತಂಗಿ ಪುಟದಾಗಿನ ಏಳೂ ಸಾಲು ಹೊಡೀತೇನಿ. ಕೈತಪ್ಪಿ ಬರದದ್ದು ಅಂತ. ಸೋಮವಾರ ಸಂಜಿ ಒಳಗ ನಲವತ್ತೆರಡು ಸೀಸೆ ಅವರ ಮನ್ಯಾಗಿರಬೇಕು. ನೀನ ಹೋಗಿ ಕೊಟ್ಟು, ಬಟ್ಟು ತಗೊಂಡು ಬಾ. ಉಳಿದ ಪುಟ ಯಾರ ಕೇಳ್ಯಾರ?"

ಹೀಗೆ ನ್ಯಾಯ ತೀರಿತು. ಸಾಹೇಬ ಹೊರಗೆ ಬಂದು, ದೊಡ್ಡ ಉಪಕಾರ ಮಾಡಿದವನಂತೆ ಗಂಟಲು ಸರಿಮಾಡಿಕೊಂಡು, "ಕೈತಪ್ಪಿನಿಂದ ಆಗಿತ್ತವಾ," ಅಂದ.

"ಕೈ ತಪ್ತೋ ಬಾಯಿ ತಪ್ತೋ, ನೀವ ನಿಮ್ಮೊಳಗ ಬರಕೊಳ್ರಿ. ನನಗ ಸೀಸೆ ಬೇಕು," ಅಂದಳು ಕರೆವ್ವ.

ಉಳಿವೆಪ್ಪ ದಾವಣಗೆರೆಗೆ ಓಡಿದ. ಎರಡು ಪಟ್ಟಿಗೆ ಮಾರಿದ್ದನ್ನು ಮೂರು ಪಟ್ಟು ಕೊಟ್ಟು ತಂದ. ಭಾನುವಾರ ರಾತ್ರಿ ಊರು ಮುಟ್ಟಿ, ಬೆಳಿಗ್ಗೆ ಗಾಡಿ ಕೇಳಲು ಹೊರಟಾಗ ಅವನಿಗೆ ವಾರದ ನೆನಪಾಯಿತು. ಅಷ್ಟರಲ್ಲಿ ಊರಿಗೆಲ್ಲ ಸುದ್ದಿ ಮುಟ್ಟಿತ್ತು. ಗಾಡಿ ಇದ್ದ ಹನುಮಂತಪ್ಪ ಎತ್ತಿನ ಮೈ ತಿಕ್ಕುತ್ತ, ನಗದೆ, "ಇವತ್ತ ಸೋಮವಾರ್ರಿ ಸಾವ್ಕಾರ್ರ. ನಿಮ್ಮ ಅಂಗಡಿಗೆ ಸೋಮವಾರ ಭಾಳ ಮಂದಿ ಗಾಡಿ ಕಟಗೊಂಡು ಬರತಾರಂತಲ್ಲ. ಯಾರರೆ ಹೊಳ್ಳಿ ಹೋಗೂ ಮುಂದ ಕುಂಡ್ರಿಸಿಕೊಂಡು ಹೋಗತಾರ ಬಿಡ್ರಿ," ಅಂದ.

ಸೈಕಲ್ಲಿಗೆ ದಾರಿಯಿಲ್ಲ, ಎರೆಮಣ್ಣು ಮೊಣಕಾಲು ಹಿಡಿಯುತ್ತಿತ್ತು. ಉಳಿವೆಪ್ಪ ಬಿಳಿ ಧೋತರ ಎತ್ತಿ ಕಟ್ಟಿ, ಪೆಟ್ಟಿಗೆಯನ್ನು ಹೆಗಲಿಗೇರಿಸಿ ನಡೆದ. ಕರೆವ್ವ ಹತ್ತು ಹೆಜ್ಜೆ ಮುಂದಿದ್ದಳು. ಹಳ್ಳದ ಹತ್ತಿರ ಅವನು ನಿಂತ.

"ಕರೆವ್ವಾ, ಒಂದೀಟ ಹಿಡಿಯವಾ."

"ತೊಳಿಯೋದು ನನ್ನ ಕೆಲಸರಿ. ಹೊರೂದಲ್ಲ."

ಕರೆಮಡ್ಡಿಯ ಪಡಸಾಲೆಯಲ್ಲಿ ಲಾಲಬಿ ಸೀಸೆಗಳನ್ನು ಎಣಿಸಿದಳು, ಒಂದೊಂದನ್ನೂ ಬೆಳಕಿಗೆ ಹಿಡಿದು, ಮುಚ್ಚಳ ನೋಡಿ. ನಲವತ್ತೆರಡು. ಉಳಿವೆಪ್ಪ ಪುಸ್ತಕ ಬಿಚ್ಚಿದೊಡನೆ ಗುತ್ತೆವ್ವ ಅಭ್ಯಾಸದಂತೆ ಹೆಬ್ಬೆರಳು ಮುಂದೆ ಮಾಡಿದಳು. ಕರೆವ್ವ ಅವಳ ಮಣಿಕಟ್ಟು ಹಿಡಿದಳು.

"ಮೊದಲ ಬರೀರಿ."

ಬರೆದ.

"ಓದ್ರಿ."

"ಗುತ್ತೆವ್ವ ಕೋಂ ಚೌಡಪ್ಪ. ಸೀಸೆ ನಲವತ್ತೆರಡು. ಮುಟ್ಟಿದವು."

"ವಾರ?"

ಉಳಿವೆಪ್ಪ ನೆಲ ನೋಡಿದ. "ಸೋಮವಾರ."

"ಕೆಳಗಿನ ಖಾಲಿ ಜಾಗಕ್ಕ ಗೀಟು ಎಳೀರಿ." ಅವನು ಗೀಟು ಎಳೆದ ಮೇಲೆ ಅವಳು ತಂಗಿಯ ಕೈ ಬಿಟ್ಟಳು. ಆ ಪುಸ್ತಕದಲ್ಲಿ ಸೋಮವಾರದ ಮುಂದೆ ಬಿದ್ದ ಖರೆ ಹೆಬ್ಬಟ್ಟು ಅದೊಂದೇ.

ಗುತ್ತೆವ್ವ ದೀಪಾವಳಿ ಕಂಡಳು. ಆಮೇಲೂ ಎಷ್ಟೋ ದೀಪಾವಳಿ ಕಂಡಳು. ಕರೆವ್ವ ಅಂಗಡಿ ಬಿಟ್ಟು ತಂಗಿಯ ಮನೆಯಲ್ಲೇ ಉಳಿದಳು. ಉಳಿವೆಪ್ಪನೂ ಪಾಠ ಕಲಿತ. ಅಂದಿನಿಂದ ಸುಳ್ಳನ್ನೆಲ್ಲ ಗುರುವಾರದ ಹೆಸರಿನಲ್ಲಿ ಬರೆಯತೊಡಗಿದನಂತೆ. ಸಾಹೇಬನಿಗೆ ಬಡ್ತಿಯಾಯಿತು.

ಅದೆಲ್ಲ ಆಮೇಲಿನ ಮಾತು. ಆ ಸೋಮವಾರ ಹೊರಡುವ ಮುನ್ನ ಉಳಿವೆಪ್ಪ ಕಟ್ಟೆಯ ಮೇಲೆ ಕುಸಿದು, ಬಾಯಿ ಒಣಗಿ, ಕುಡಿಯಲು ನೀರು ಕೇಳಿದ. ಕರೆವ್ವ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಸೀಸೆ ತಂದೀರೇನ್ರಿ?"

ಆದರೆ ನೀರು ಕೇಳಿದವರಿಗೆ ಇಲ್ಲವೆನ್ನುವ ಮನೆತನ ಅವಳದಲ್ಲ. ಚರಿಗೆ ತುಂಬಿ ತಂದು ಕೊಟ್ಟಳು. ಅವನು ಕುಡಿದು, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಕೆಸರು ದಾರಿ ಹಿಡಿದ ಮೇಲೆ, ಹಿತ್ತಲಿಗೆ ಹೋಗಿ ಆ ಚರಿಗೆಯನ್ನು ಬೂದಿ ಹಚ್ಚಿ ತೊಳೆದಳು. ಬೆಳಕಿಗೆ ಹಿಡಿದು ನೋಡಿ, ಇನ್ನೊಮ್ಮೆ ತೊಳೆದಳು.