ಮೂರನೆಯ ಲಿಬೆರೊ

ಶಿಬಿರದಲ್ಲಿ ನಾವು ಮೂವರು ಲಿಬೆರೊಗಳಿದ್ದೆವು. ಭಾರತ ತಂಡದ ಜೊತೆ ಹೊರದೇಶಕ್ಕೆ ಹೋಗುವವರು ಇಬ್ಬರೇ ಎಂಬುದು ಮೊದಲ ದಿನದಿಂದಲೇ ಗೊತ್ತಿದ್ದರೂ ಆ ಮಾತನ್ನು ನಾವ್ಯಾರೂ ಎತ್ತುತ್ತಿರಲಿಲ್ಲ. ಲಿಬೆರೊ ಎಂದರೆ ವಾಲಿಬಾಲ್ ತಂಡದಲ್ಲಿ ಬೇರೆ ಬಣ್ಣದ ಅಂಗಿ ತೊಟ್ಟು ಆಡುವವಳು. ಅವಳು ನೆಟ್ಟಿನ ಮೇಲಿಂದ ಸ್ಮ್ಯಾಶ್ ಹೊಡೆಯುವಂತಿಲ್ಲ, ಬ್ಲಾಕಿಗೆ ಜಿಗಿಯುವಂತಿಲ್ಲ. ಎದುರಿನಿಂದ ಬಂದ ಚೆಂಡು ನೆಲ ಮುಟ್ಟದಂತೆ ನೋಡಿಕೊಳ್ಳುವುದೇ ಅವಳ ಕೆಲಸ. ಗಿಡ್ಡಗಿರುವ ಹುಡುಗಿಯರಿಗೆ ಈ ಆಟದಲ್ಲಿ ಇರುವ ಜಾಗ ಅದೊಂದೇ. ನಾನು ಗಿಡ್ಡಿ.

ಒಂದು ಬೆಳಿಗ್ಗೆ ತಿಂಡಿಯಾದ ಮೇಲೆ ಕೋಚ್ ಹೆಸರುಗಳನ್ನು ಓದಿದರು. ನನ್ನ ಹೆಸರು ಬರಲಿಲ್ಲ. ಅವರು ಒಳ್ಳೆಯ ಮನುಷ್ಯ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ನಿನ್ನ ಆಟದಲ್ಲಿ ಏನೂ ಕೊರತೆಯಿಲ್ಲ, ಇದ್ದದ್ದು ಎರಡೇ ಜಾಗ ಎಂದು ಹಿಂದಿಯಲ್ಲಿ ಹೇಳಿದರು. ನಾನು ತಲೆಯಾಡಿಸಿದೆ. ನನ್ನ ಕೋಣೆಯಲ್ಲಿದ್ದ ಹುಡುಗಿ ಕೇರಳದವಳು. ತಂಡದ ಮೊದಲ ಲಿಬೆರೊ ಅವಳೇ. ನಾನು ಮಂಚದ ಮೇಲೆ ಸುಮ್ಮನೆ ಕೂತಿದ್ದಾಗ ನನ್ನ ಬಟ್ಟೆಗಳನ್ನೆಲ್ಲ ಅವಳೇ ಮಡಚಿ ಚೀಲಕ್ಕೆ ತುಂಬಿದಳು. ಹನ್ನೊಂದು ಗಂಟೆಗೆ ಗೇಟಿನ ಹತ್ತಿರ ಆಟೋಕ್ಕೆ ಕಾಯುತ್ತ ನಿಂತಾಗ ಒಳಗೆ ಅಭ್ಯಾಸ ಶುರುವಾಗಿತ್ತು. ಚೆಂಡು ಮುಂಗೈಗೆ ಬಡಿಯುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ಯಾವ ಸದ್ದು ಒಳ್ಳೆಯ ರಿಸೀವಿನದು, ಯಾವುದು ಕೆಟ್ಟದ್ದು ಎಂದು ನೋಡದೆಯೇ ಹೇಳಬಲ್ಲೆ. ಆಟೋ ಬರುವತನಕ ಅದನ್ನೇ ಕೇಳುತ್ತ ನಿಂತೆ.

ರೈಲು ನನ್ನನ್ನು ಘಟಪ್ರಭಾದಲ್ಲಿ ಇಳಿಸಿತು. ಅಲ್ಲಿಂದ ಗೋಕಾಕಕ್ಕೆ ಒಂದು ಬಸ್ಸು, ಗೋಕಾಕದಿಂದ ನಮ್ಮೂರು ಮೂಡಲಗಿಗೆ ಇನ್ನೊಂದು. ಅವ್ವನಿಗೆ ಮಾತ್ರ ಮುಂಚೆಯೇ ಫೋನಿನಲ್ಲಿ ಹೇಳಿದ್ದೆ. ಅವಳು ಆಯಿತು ಬಾ ಎಂದಿದ್ದಳಷ್ಟೇ. ಆದರೆ ಮೂಡಲಗಿಯ ಸರ್ಕಲ್ಲಿನಲ್ಲಿ ಬಸ್ಸು ತಿರುಗಿದಾಗ ಕಿಟಕಿಯ ಎದುರಿಗೇ ನನ್ನ ಮುಖವಿತ್ತು. ಶಿಬಿರಕ್ಕೆ ಕರೆ ಬಂದದ್ದನ್ನೇ ತಂಡಕ್ಕೆ ಆಯ್ಕೆಯಾದದ್ದು ಎಂದು ತಿಳಿದು ನನ್ನ ಕಾಕಾನ ಮಗ ದೊಡ್ಡದೊಂದು ಬ್ಯಾನರ್ ಕಟ್ಟಿಸಿದ್ದ. ರಾಜ್ಯ ತಂಡದ ಹಳೆಯ ಫೋಟೋದಿಂದ ನನ್ನೊಬ್ಬಳನ್ನೇ ಕತ್ತರಿಸಿ, ಹಿಂದೆ ತ್ರಿವರ್ಣ ಧ್ವಜ ಹಾಕಿ, ಭಾರತ ತಂಡಕ್ಕೆ ಆಯ್ಕೆಯಾದ ನಮ್ಮೂರ ಹೆಮ್ಮೆಯ ಮಗಳು ಎಂದು ಬರೆಸಿದ್ದ. ಪಕ್ಕದ ಹುಡುಗಿಯ ಭುಜದ ತುಂಡೊಂದು ನನ್ನ ತೋಳಿಗೆ ಅಂಟಿಕೊಂಡೇ ಇತ್ತು. ನಾನು ವೇಲಿನಿಂದ ಮುಖ ಸುತ್ತಿಕೊಂಡು ಇಳಿದು, ಅದರ ಕೆಳಗೇ ಹಾದು ಮನೆಯ ಕಡೆ ನಡೆದೆ.

ಅದನ್ನು ಬಿಚ್ಚಿಸು ಎಂದು ಆ ಅಣ್ಣನಿಗೆ ಹೇಳಿದೆ. ಹೊಗಳಿದ್ದನ್ನು ಯಾರಾದರೂ ಬಿಚ್ಚುತ್ತಾರೆಯೇ ಎಂದು ಅವನು ನಕ್ಕುಬಿಟ್ಟ. ಕೊನೆಗೆ ಆ ವಾರವೇ ಯಾವುದೋ ಮುಖಂಡರ ಹುಟ್ಟುಹಬ್ಬದ ಬ್ಯಾನರ್ ಬಂದು ನನ್ನ ಮೇಲೆ ಕೂತಿತು. ಅವರಿಗೆ ನಾನು ಮನಸ್ಸಿನಲ್ಲೇ ಕೃತಜ್ಞಳಾದೆ.

ನಮ್ಮದು ಕುರಿ ಕಾಯುವ ಮನೆತನ. ಈಗ ಒಂದಿಷ್ಟು ಕಬ್ಬೂ ಇದೆ, ಆದರೆ ಅಪ್ಪ ಕುರಿಗಳನ್ನು ಬಿಟ್ಟಿಲ್ಲ. ನಾನು ಬಂದ ದಿನ ಅವನು ಹಟ್ಟಿಯಲ್ಲಿ ಒಂದು ಮರಿಯ ಕಾಲಿಗೆ ಔಷಧಿ ಹಚ್ಚುತ್ತಿದ್ದ. ನಾನು ಎದುರು ಕುಕ್ಕರಗಾಲಿನಲ್ಲಿ ಕೂತು ಮರಿಯನ್ನು ಹಿಡಿದುಕೊಂಡೆ.

"ಹಂಗಾದ್ರ ನೀ ಆಡೂದಿಲ್ಲೇನು?" ಎಂದು ಕೇಳಿದ.

"ಈ ಸಲ ಇಲ್ಲಪ್ಪಾ. ಅವರು ಗೆದ್ದು ಮುಂದ ಹೋದ್ರ ಮತ್ತೊಂದು ಕ್ಯಾಂಪ್ ಆಕ್ಕೈತಿ. ಅವಾಗ ಕರದ್ರೂ ಕರೀಬಹುದು."

ಮುಂದೆ ಹೋಗುವುದೆಂದರೆ ಎಲ್ಲಿಗೆ ಎಂದು ಕೇಳಿದ. ವಿಶ್ವ ಚಾಂಪಿಯನ್‌ಶಿಪ್ಪಿಗೆ ಎಂದೆ. ಅಲ್ಲಿಗೆ ಮನಸ್ಸು ಮಾಡಿದ ದೇಶವೆಲ್ಲ ಹೋಗುವಂತಿಲ್ಲ ಎಂದು ಬಿಡಿಸಿ ಹೇಳಲು ಕೂತೆ. ಯಾವ ದೇಶ ಪಂದ್ಯಾವಳಿ ನಡೆಸುತ್ತದೋ ಅದಕ್ಕೆ ನೇರ ಪ್ರವೇಶ. ಕಳೆದ ಸಲ ಗೆದ್ದವರಿಗೂ ನೇರ ಪ್ರವೇಶ. ಆಮೇಲೆ ಒಂದೊಂದು ಖಂಡದವರೂ ತಮ್ಮತಮ್ಮಲ್ಲೇ ಆಡಿಕೊಂಡು ಅಲ್ಲಿ ಮೇಲೆ ಬಂದ ಮೂರು ತಂಡಗಳನ್ನು ಕಳಿಸುತ್ತಾರೆ. ಉಳಿದ ಜಾಗಗಳನ್ನು ವಿಶ್ವ ರ‍್ಯಾಂಕಿಂಗ್ ನೋಡಿ ತುಂಬುತ್ತಾರೆ. ರ‍್ಯಾಂಕಿಂಗಿನಲ್ಲಿ ನಾವು ಬಹಳ ಕೆಳಗೆ. ದೊಡ್ಡ ತಂಡಗಳ ಜೊತೆ ಆಡಿದರೆ ರ‍್ಯಾಂಕ್ ಏರುತ್ತದೆ, ಆದರೆ ರ‍್ಯಾಂಕ್ ಇಲ್ಲದವರನ್ನು ದೊಡ್ಡ ತಂಡಗಳಿರುವ ಪಂದ್ಯಾವಳಿಗೆ ಯಾರೂ ಕರೆಯುವುದಿಲ್ಲ. ಹಾಗಾಗಿ ನಮಗಿರುವ ಬಾಗಿಲು ಒಂದೇ, ಏಷ್ಯಾದಲ್ಲಿ ಮೂರರೊಳಗೆ ಬರುವುದು.

ಅಪ್ಪ ಇದನ್ನೆಲ್ಲ ಗಮನವಿಟ್ಟು ಕೇಳಿದ. ಆದರೆ ಅವನು ಅದರಿಂದ ತೆಗೆದುಕೊಂಡದ್ದು ಒಂದೇ ಮಾತು. ಮರುದಿನದಿಂದ ಚಹದಂಗಡಿಯಲ್ಲಿ, ಕುರಿ ಸಂತೆಯಲ್ಲಿ, ಭೇಟಿಯಾದವರಿಗೆಲ್ಲ, ಇವರು ಗೆದ್ದರೆ ನನ್ನ ಮಗಳು ಹೋಗುತ್ತಾಳೆ ಎಂದು ಹೇಳಿಕೊಂಡು ಬಂದ. ಅವನನ್ನು ತಿದ್ದುವುದು ನನ್ನಿಂದಾಗಲಿಲ್ಲ. ನಾನೂ ಒಳಗೊಳಗೇ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ಹುಕ್ಕೇರಿಯಲ್ಲಿ ನನಗೊಂದು ಕೆಲಸವಿತ್ತು. ವಸತಿ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿ ಹುಡುಗಿಯರಿಗೆ ಆಟ ಕಲಿಸುವುದು. ಶಿಬಿರಕ್ಕೆಂದು ರಜೆ ಹಾಕಿದ್ದೆ. ಅದಿನ್ನೂ ಮುಗಿದಿರದಿದ್ದರೂ ಶಾಲೆಯಲ್ಲಿ ಕರೆಯುತ್ತಿದ್ದಾರೆ ಎಂದು ಹೇಳಿ ಹೊರಟುಬಿಟ್ಟೆ. ಅಲ್ಲಿ ಒಂದು ಮನೆಯ ಮಾಳಿಗೆಯ ಮೇಲಿನ ಕೋಣೆ ನನ್ನದು. ಕೆಳಗೆ ಮನೆಯೊಡತಿ ಒಬ್ಬಳೇ ಇರುತ್ತಿದ್ದಳು. ನಾನು ಅವಳನ್ನು ಮರಾಠಿಯವರಂತೆ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಊರಲ್ಲಾದರೆ ಪಂದ್ಯದ ಹೊತ್ತಿಗೆ ಕಾಕಾನ ಮನೆಯವರೆಲ್ಲ ಸುತ್ತ ಕೂರುತ್ತಿದ್ದರು. ಹುಕ್ಕೇರಿಯಲ್ಲಿ ಯಾರೂ ಇರುವುದಿಲ್ಲ ಎಂಬುದೇ ಆಗ ನನಗೆ ಬೇಕಾಗಿತ್ತು. ಬಂದು ಎರಡು ದಿನವಾಗುವಷ್ಟರಲ್ಲಿ ಅದು ಎಷ್ಟು ಭಾರ ಎಂಬುದೂ ತಿಳಿಯಿತು. ಶಿಬಿರದಲ್ಲಿ ಊಟಕ್ಕೆ ಕೂತರೆ ಎರಡೂ ಕಡೆ ಯಾರದಾದರೂ ಮೊಣಕೈ ತಾಗುತ್ತಿತ್ತು. ಇಲ್ಲಿ ನಾನು ಸ್ಟೋವಿನ ಮುಂದೆ ನಿಂತೇ ಉಣ್ಣುತ್ತಿದ್ದೆ. ತಂಡದ ವಾಟ್ಸಾಪ್ ಗುಂಪಿನಲ್ಲಿ ನಾನಿನ್ನೂ ಇದ್ದೆ. ತೆಗೆದುಹಾಕುವುದನ್ನು ಯಾರೋ ಮರೆತಿದ್ದರು. ನಾಳೆ ಬಸ್ಸು ಆರಕ್ಕೆ, ನೀಲಿ ಅಂಗಿ ತನ್ನಿ ಎಂಬ ಸೂಚನೆಗಳು ದಿನವೂ ಬರುತ್ತಿದ್ದವು.

ಏಷ್ಯಾದ ಪಂದ್ಯಾವಳಿಯಲ್ಲಿ ಭಾರತವಿದ್ದ ಗುಂಪಿನಲ್ಲಿ ನಾಲ್ಕು ತಂಡಗಳು, ಮುಂದಿನ ಸುತ್ತಿಗೆ ಹೋಗುವುದು ಎರಡು. ಮೊದಲ ಪಂದ್ಯದಲ್ಲಿ ಬಲಿಷ್ಠ ತಂಡವೊಂದು ನಮ್ಮವರನ್ನು ಸುಲಭವಾಗಿ ಸೋಲಿಸಿತು. ಎರಡನೆಯದನ್ನು ಐದನೇ ಸೆಟ್ಟಿನವರೆಗೆ ಎಳೆದು ಸೋತರು. ಕೊನೆಯ ಪಂದ್ಯ ಉಳಿಯಿತು. ವಾಲಿಬಾಲಿನಲ್ಲಿ ಗೆಲುವಿಗೂ ದರ್ಜೆಗಳಿವೆ. ಎದುರಾಳಿಗೆ ಒಂದೇ ಸೆಟ್ ಕೊಟ್ಟು ಅಥವಾ ಒಂದನ್ನೂ ಕೊಡದೆ ಗೆದ್ದರೆ ಮೂರು ಅಂಕ. ಐದು ಸೆಟ್ ಆಡಿ ಗೆದ್ದರೆ ಎರಡೇ ಅಂಕ, ಸೋತವರಿಗೂ ಒಂದು ಸಿಗುತ್ತದೆ. ಎದುರಾಳಿಗಳ ಬಳಿ ಆಗಲೇ ಮೂರು ಅಂಕಗಳಿದ್ದವು, ನಮ್ಮ ಬಳಿ ಒಂದು. ಅಂದರೆ ನಾವು ಬರಿ ಗೆದ್ದರೆ ಸಾಲದು, ಐದನೇ ಸೆಟ್ಟಿಗೆ ಹೋಗದೆ ಗೆಲ್ಲಬೇಕು. ಹೋದರೆ ಅವರು ಸೋತೂ ನಮಗಿಂತ ಒಂದು ಅಂಕ ಮೇಲಿರುತ್ತಾರೆ.

ಪಂದ್ಯ ಮಧ್ಯಾಹ್ನವಿತ್ತು. ಫೋನನ್ನು ನೀರಿನ ಕೊಡಕ್ಕೆ ಆನಿಸಿಟ್ಟು ಚಾಪೆಯ ಮೇಲೆ ಕೂತೆ. ಮೊದಲ ಸೆಟ್ ನಮ್ಮದಾಯಿತು, ಎರಡನೆಯದು ಅವರದು, ಮೂರನೆಯದು ಮತ್ತೆ ನಮ್ಮದು. ಇನ್ನೊಂದು ಸೆಟ್ ಬಂದರೆ ಮುಗಿಯಿತು. ನಾಲ್ಕನೆಯ ಸೆಟ್ಟಿನಲ್ಲಿ ನನಗೆ ಕೂರಲಾಗಲಿಲ್ಲ. ಎದ್ದು ನಿಂತೆ. ಎದುರಿನವರು ಸರ್ವ್ ಮಾಡಿದಾಗಲೆಲ್ಲ ನನಗೆ ಗೊತ್ತಿಲ್ಲದೆಯೇ ಮೊಣಕಾಲು ಬಾಗುತ್ತಿದ್ದವು, ಎರಡೂ ಕೈ ಮುಂದೆ ಬರುತ್ತಿದ್ದವು. ಒಂದು ಚೆಂಡಿಗಂತೂ ನಾನು ಎಡಕ್ಕೆ ಹಾರಿಯೇಬಿಟ್ಟೆ. ಭುಜ ಕಪಾಟಿಗೆ ಬಡಿದು ಮೇಲಿದ್ದ ಡಬ್ಬಿಗಳು ಉರುಳಿದವು.

ಸದ್ದು ಕೇಳಿ ಮಾವಶಿ ಮೆಟ್ಟಿಲು ಹತ್ತಿ ಬಂದಳು. ಏನಾಯಿತೆಂದು ಕೇಳಿ, ಏನೂ ಇಲ್ಲ ಎಂದದ್ದನ್ನು ನಂಬದೆ, ಒಳಗೆ ಬಂದು ಬಾಗಿಲ ಪಕ್ಕ ಕೂತಳು. ಸ್ವಲ್ಪ ಹೊತ್ತು ಫೋನನ್ನೇ ನೋಡಿದಳು.

"ಇದರಾಗ ನಿನ್ನ ಮಂದಿ ಯಾರು?"

"ನೀಲಿ ಅಂಗಿಯವರು."

"ಮತ್ತ ನೀ ಯಾಕ ಇಲ್ಲೆ ಅದಿ?"

ಅದಕ್ಕೆ ಉತ್ತರ ಕೊಡುವ ಮೊದಲೇ ಸೆಟ್ಟನ್ನು ತೀರ್ಮಾನಿಸಿದ ಆ ಚೆಂಡು ಬಿತ್ತು. ಎದುರಿನವಳು ಹೊಡೆಯುವಂತೆ ಕೈ ಎತ್ತಿ, ಹೊಡೆಯದೆ ಬೆರಳ ತುದಿಯಿಂದ ಮೆಲ್ಲಗೆ ದಾಟಿಸಿದಳು. ಶಿಬಿರದಲ್ಲಿ ನನ್ನ ಕೋಣೆಯಲ್ಲಿದ್ದ ಕೇರಳದ ಗೆಳತಿ ಹಿಂದೆ ನಿಂತಿದ್ದಳು. ಹೊಟ್ಟೆ ನೆಲಕ್ಕೆ ಹಚ್ಚಿ ಕೈ ಚಾಚಿದಳು, ಚೆಂಡು ಅವಳ ಬೆರಳುಗಳ ಮುಂದೆಯೇ ನೆಲ ಮುಟ್ಟಿತು. ನಾನಿದ್ದರೆ ಎತ್ತುತ್ತಿದ್ದೆನೋ ಇಲ್ಲವೋ ಹೇಳಲಾರೆ. ಆ ಪ್ರಶ್ನೆಯನ್ನು ಎಷ್ಟು ಸಲ ಕೇಳಿಕೊಂಡರೂ ಒಂದು ದಿನ ಹೌದು ಎನಿಸುತ್ತದೆ, ಇನ್ನೊಂದು ದಿನ ಇಲ್ಲ ಎನಿಸುತ್ತದೆ. ಸೆಟ್ ಅವರದಾಯಿತು. ಅಲ್ಲಿಗೆ ನಮ್ಮ ಲೆಕ್ಕ ಮುಗಿಯಿತು.

ಆದರೆ ಪಂದ್ಯ ಮುಗಿದಿರಲಿಲ್ಲ. ಐದನೇ ಸೆಟ್ ಆಡಲೇಬೇಕು. ನಮ್ಮ ಹುಡುಗಿಯರಿಗೂ ಗೊತ್ತಿತ್ತು, ಎದುರಿನವರಿಗೂ ಗೊತ್ತಿತ್ತು. ಎದುರಿನವರು ತಮ್ಮ ಮುಖ್ಯ ಆಟಗಾರ್ತಿಯರನ್ನು ಹೊರಗೆ ಕೂರಿಸಿ ವಿಶ್ರಾಂತಿ ಕೊಟ್ಟರು. ನಮ್ಮವರು ಮಾತ್ರ ಅದೇ ಆರು ಜನ, ನೆಲ ಒರೆಸುತ್ತ, ಒಬ್ಬರ ಕೈಗೆ ಒಬ್ಬರು ಕೈ ತಟ್ಟುತ್ತ ಆಡಿದರು. ಕೊನೆಯ ಅಂಕ ಗೆದ್ದಾಗ ಎಲ್ಲರೂ ಓಡಿ ಬಂದು ಒಟ್ಟಿಗೆ ನಿಂತರು. ಯಾರೂ ಕುಣಿಯಲಿಲ್ಲ. ಒಬ್ಬಳು ಇನ್ನೊಬ್ಬಳ ಹೆಗಲ ಮೇಲೆ ಹಣೆಯಿಟ್ಟಳು. ನಾನು ಹುಕ್ಕೇರಿಯ ಕೋಣೆಯಲ್ಲಿ ಉರುಳಿದ ಡಬ್ಬಿಗಳ ನಡುವೆ ನಿಂತು ಅದನ್ನು ನೋಡಿದೆ. ನನ್ನ ಆಟ ಎಂದೋ ಮುಗಿದಿತ್ತು, ಅದು ಮುಗಿಯಿತೆಂದು ನನಗೆ ತಿಳಿದದ್ದು ಆಗ.

ಗೆದ್ದರಲ್ಲ ಎಂದಳು ಮಾವಶಿ. ಹೌದೆಂದೆ. ಅವಳು ಸಮಾಧಾನವಾಗಿ ಕೆಳಗೆ ಹೋದಳು. ಅಷ್ಟರಲ್ಲಿ ಅಪ್ಪನ ಫೋನು ಬಂತು. ಕಾಕಾನ ಮಗನ ಫೋನಿನಲ್ಲಿ ಅವನೂ ಪಂದ್ಯ ನೋಡಿದ್ದ.

"ಗೆದ್ರಲ್ಲ ಮಗಳೇ. ಮತ್ತ ನಿನ್ನ ಎಂದು ಕರೀತಾರ?"

ಅವನ ದನಿಯಲ್ಲಿ ಅಂಥ ಹಿಗ್ಗನ್ನು ನಾನು ಹೆಚ್ಚು ಸಲ ಕೇಳಿಲ್ಲ. ಹಿಂದೆ ಜನರ ಮಾತು ಕೇಳುತ್ತಿತ್ತು. ಅವನು ಎಲ್ಲರ ಮುಂದೆ ನಿಂತು ಮಾತಾಡುತ್ತಿದ್ದಾನೆ ಎಂದು ತಿಳಿದು, ಸ್ವಲ್ಪ ಹೊರಗೆ ಹೋಗು ಎಂದೆ. ಚಪ್ಪಲಿಯ ಸದ್ದಾಯಿತು. ಆಮೇಲೆ ಕುರಿಗಳ ದನಿ ಹತ್ತಿರವಾಯಿತು.

"ಗೆದ್ದಾರ ಖರೆ. ಆದ್ರ ಮುಂದ ಹೋಗೂದಿಲ್ಲಪ್ಪಾ. ಸೋತವರು ಹೋಗ್ತಾರ."

ಅವನು ಯಾವುದೋ ಕುರಿಯನ್ನು ಗದರಿಸಿದ್ದು ಕೇಳಿತು.

"ಗೆದ್ದವರು ಮನಿಗೆ ಬರೂದು, ಸೋತವರು ಮುಂದ ಹೋಗೂದು. ಇದ್ಯಾವ ಆಟ?"

ಅಂಕಗಳ ಲೆಕ್ಕ ಹೇಳಿದೆ. ಇನ್ನೊಮ್ಮೆ ಹೇಳು ಎಂದ. ಇನ್ನೊಮ್ಮೆ ಹೇಳಿದೆ. ಅವನಿಗೆ ಅರ್ಥವಾಗಲಿಲ್ಲವೆಂದಲ್ಲ, ಎರಡನೆಯ ಸಲ ಕೇಳಿದರೆ ಉತ್ತರ ಬೇರೆ ಬಂದೀತೆಂದು ಕಾದಿರಬೇಕು. ಮುಂದಿನದು ಯಾವಾಗ ಎಂದು ಕೇಳಿದ. ಇನ್ನೆರಡು ವರ್ಷಕ್ಕೆ ಎಂದೆ. ನನ್ನ ವಯಸ್ಸೆಷ್ಟು ಎಂದು ಅವನು ಕೇಳಲಿಲ್ಲ. ಅವನಿಗೆ ಅದು ಗೊತ್ತಿತ್ತು. ಒಳಗೆ ಕೂತವರಿಗೆ ಏನು ಹೇಳಲಿ ಎಂದು ಮಾತ್ರ ಕೇಳಿದ. ಗೆದ್ದರೆಂದೇ ಹೇಳು, ಸುಳ್ಳೇನಲ್ಲ ಎಂದೆ.

ಎರಡು ದಿನದ ನಂತರ ಗೆಳತಿ ಯಾವುದೋ ವಿಮಾನ ನಿಲ್ದಾಣದಿಂದ ಫೋನ್ ಮಾಡಿದಳು. ನಮ್ಮಿಬ್ಬರ ನಡುವಿನ ಭಾಷೆ ಅರೆಬರೆ ಹಿಂದಿ. ಮೊಣಕೈ ತರಚಿದೆ ಎಂದಳು. ಊಟ ಚೆನ್ನಾಗಿರಲಿಲ್ಲ ಎಂದಳು. ಆಮೇಲೆ, ಆ ಚೆಂಡನ್ನು ನೋಡಿದೆಯಾ ಎಂದು ಕೇಳಿದಳು. ಯಾವ ಚೆಂಡೆಂದು ನಾನು ಕೇಳಲಿಲ್ಲ. ನೋಡಿದೆ, ಯಾರಿಗೂ ಸಿಗುತ್ತಿರಲಿಲ್ಲ ಎಂದೆ. ಅವಳು ಅತ್ತಳು. ದೂರದಲ್ಲಿ ಧ್ವನಿವರ್ಧಕ ಯಾರನ್ನೋ ಕರೆಯುತ್ತಿತ್ತು. ಅವಳ ಸುತ್ತ ಇಡೀ ತಂಡವಿದ್ದರೂ ಅಳುವುದಕ್ಕೆ ಅವಳು ನನ್ನನ್ನು ಹುಡುಕಿದ್ದಳು. ಅದರಿಂದ ನನಗೆ ಸ್ವಲ್ಪ ಹಗುರಾಯಿತು. ಆದರೆ ಫೋನಿಟ್ಟ ಮೇಲೆ ಕೋಣೆ ಮೊದಲಿಗಿಂತ ದೊಡ್ಡದೆನಿಸಿತು. ಅದೇ ಸಂಜೆ ವಾಟ್ಸಾಪ್ ಗುಂಪನ್ನು ನಾನೇ ಬಿಟ್ಟೆ.

ಆಮೇಲಿನ ಶಿಬಿರಕ್ಕೆ ನನಗೆ ಕರೆ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದರೂ ಆ ತಿಂಗಳು ಹೊಸ ನಂಬರಿನಿಂದ ಫೋನು ಬಂದಾಗಲೆಲ್ಲ ಮೊದಲ ರಿಂಗಿಗೇ ಎತ್ತುತ್ತಿದ್ದೆ. ಶಾಲೆಯ ಹುಡುಗಿಯರನ್ನು ಕರೆದುಕೊಂಡು ಒಮ್ಮೆ ಗೋಕಾಕಕ್ಕೆ ಪಂದ್ಯಕ್ಕೆ ಹೋದೆ. ಸೋತು ಬರುವಾಗ ಎಲ್ಲರೂ ಫಾಲ್ಸ್ ನೋಡಬೇಕೆಂದರು. ಜಲಪಾತದ ಪಕ್ಕದ ಮಿಲ್ಲಿನ ಗೇಟಿನ ಹತ್ತಿರ ಇಳಿದು ತೂಗುಸೇತುವೆಯ ತನಕ ನಡೆದೆವು. ಅವರು ಗುಂಪು ಕಟ್ಟಿಕೊಂಡು ಸೆಲ್ಫಿ ತೆಗೆಯುತ್ತಿದ್ದರು. ನನ್ನನ್ನೂ ಕರೆದರು. ಹೋಗಿ ಅಂಚಿನಲ್ಲಿ ನಿಂತೆ.

ಎರಡು ವರ್ಷ ಕಳೆದು ಅರ್ಹತೆಯ ಪಂದ್ಯಗಳು ಮತ್ತೆ ಬಂದವು. ಆ ಹೊತ್ತಿಗೆ ಮಾವಶಿ ಕೊಲ್ಹಾಪುರದ ಮಗಳ ಮನೆಯಲ್ಲಿದ್ದಳು, ಕೆಳಗಿನ ಬಾಗಿಲಿಗೆ ಬೀಗವಿತ್ತು. ಬೇರೆ ಬಣ್ಣದ ಅಂಗಿಯಲ್ಲಿ ಹೊಸ ಹುಡುಗಿಯೊಬ್ಬಳಿದ್ದಳು, ನನಗಿಂತಲೂ ಗಿಡ್ಡಿ. ಉಳಿದವರನ್ನು ಬಿಟ್ಟು ಅವಳೊಬ್ಬಳನ್ನೇ ನೋಡುತ್ತ ಕೂತೆ. ಅವಳ ಕಾಲು ಚುರುಕಾಗಿತ್ತು. ನಮ್ಮವರು ಆ ಸಲವೂ ಮೂರರೊಳಗೆ ಬರಲಿಲ್ಲ. ಪಂದ್ಯ ಮುಗಿದ ಮೇಲೆ ಅವ್ವನಿಗೆ ಫೋನ್ ಮಾಡಿದೆ. ಪಂದ್ಯದ ಬಗ್ಗೆ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಬ್ಬು ಕಡಿಯುವವರು ಬಂದಿದ್ದಾರೆ, ಅಪ್ಪ ಹೊಲದಲ್ಲೇ ಇದ್ದಾನೆ ಎಂದಳು. ಭಾನುವಾರ ಬರುತ್ತೇನೆ ಎಂದು ಹೇಳಿ, ಸಂಜೆಯ ಆಟಕ್ಕೆ ಶಾಲೆಯ ಕಡೆ ಹೊರಟೆ.