ಭಂಡಾರದ ಮೇಲೆ ಬಿದ್ದ ಲೇಸರ್ ಕಿಡಿ

"ಅದನ್ನ ಮುಟ್ಟಬ್ಯಾಡ್ರಿ ಬಾಯಾರ. ಅದು ದ್ಯಾವರದು."

ಮಾವ ಎದ್ದು ನಿಂತಿದ್ದರು. ದೇವರ ಜಗಲಿಯ ಮೇಲಿದ್ದ ಭಂಡಾರದ ಪುಡಿಯ ಪ್ಯಾಕೆಟ್ ಕಡೆ ಚಾಚಿದ್ದ ಕೈಯನ್ನು ಮೇಡಂ ಹಿಂದಕ್ಕೆ ತೆಗೆದುಕೊಂಡರು.

ಭಂಡಾರದ ಮಾತು ತೆಗೆದವಳು ನಾನೇ.

ನಮ್ಮದು ಗಡಿಯಾಚೆ ಮಹಾರಾಷ್ಟ್ರದ ಜತ್ತ ತಾಲೂಕಿನ ಬಿಳೂರ, ಕುರಿ ಕಾಯುವ ಮನೆತನ. ನನ್ನ ಮಗ ಮಾಳುಗೆ ಮೂರು ವರ್ಷ. ಬೇಸಿಗೆಯಿಂದ ಅವನಿಗೆ ಹೊಟ್ಟೆನೋವು, ಊಟ ಬೇಡ, ಮೈಯೆಲ್ಲ ಬಿಳಿಚಿಕೊಂಡಿತ್ತು.

ಅದಕ್ಕಿಂತ ಹೆಚ್ಚು ಹೆದರಿಸಿದ್ದು ಬೇರೆ... ಕಲಿತಿದ್ದ ಮಾತುಗಳನ್ನು ಒಂದೊಂದಾಗಿ ಬಿಡುತ್ತಾ ಬಂದ. "ನೀರು" ಅನ್ನುತ್ತಿದ್ದವನು ಚೆರಿಗೆ ತೋರಿಸಿ ಅಳತೊಡಗಿದ.

ಜತ್ತದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಅದರಲ್ಲಿ ಸೀಸ ಇದೆ ಅಂದರು. ಸೀಸ ಹೊಟ್ಟೆಗೆ ಹೋಗುತ್ತಲೇ ಇದ್ದರೆ ಔಷಧ ನಾಟುವುದಿಲ್ಲ, ಮಿದುಳಿಗೇ ಪೆಟ್ಟು. ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಬೇಕು ಅಂದರು. ಈ ಮೇಡಂಗೆ ಫೋನ್ ಮಾಡಿದ್ದೂ ಅವರೇ.

ಮೇಡಂ ವಿಜ್ಞಾನಿ. ಲೇಸರ್ ಬೆಳಕಿನಿಂದ ವಸ್ತುಗಳನ್ನು ಗುರುತಿಸುವುದು ಅವರ ಸಂಶೋಧನೆ. ಮೊದಲು ಇಂಥ ಪರೀಕ್ಷೆಗೆ ದೊಡ್ಡ ಊರಿನ ಲ್ಯಾಬ್‌ಗೆ ಕಳಿಸಿ ವಾರಗಟ್ಟಲೆ ಕಾಯಬೇಕಿತ್ತಂತೆ. ಅವರು ವರ್ಷಗಟ್ಟಲೆ ಕೂತು ಆ ಮಷೀನನ್ನು ಸೂಟ್‌ಕೇಸಿನಷ್ಟು ಸಣ್ಣದು ಮಾಡಿದ್ದಾರೆ.

ಅದೇ ಪೆಟ್ಟಿಗೆ ನಮ್ಮ ಪಡಸಾಲೆಯಲ್ಲಿ ಕೂತಿತ್ತು. ಚಿಟಿಕೆ ಪುಡಿಯನ್ನು ಬಿಲ್ಲೆಯಂತೆ ಒತ್ತಿ ಒಳಗಿಟ್ಟರೆ ಲೇಸರ್ ಟಕ್ ಅಂತ ಹೊಡೆಯುತ್ತದೆ, ಕಿಡಿ ಹಾರುತ್ತದೆ. ಆ ಕಿಡಿಯ ಬೆಳಕು ಪರದೆಯ ಮೇಲೆ ಗೆರೆಗಳಾಗಿ ಮೂಡುತ್ತದೆ.

ಕಾಡಿಗೆ, ಗೋಡೆಯ ಬಣ್ಣ, ಪಾತ್ರೆ, ಅಡುಗೆಯ ಅರಿಸಿನ... ಎಲ್ಲ ನೋಡಿ ಆಗಿತ್ತು. ಎಲ್ಲೂ ಸೀಸ ಸಿಗಲಿಲ್ಲ. ಮೇಡಂ ವೈರ್ ಸುತ್ತತೊಡಗಿದರು.

ಇವರು ಹೊರಟರೆ ಮತ್ತೆ ಯಾರು ಬರುತ್ತಾರೆ?

ಗಂಡ ಕುರಿಗಳ ಜೊತೆ ಹೊಳೆಯ ಕಡೆ ಹೋಗಿದ್ದ. ಮಾವನ ಎದುರು ನಾನು ತಲೆ ಎತ್ತಿ ಮಾತಾಡಿದವಳಲ್ಲ. ಆದರೂ "ದಿನಾ ಭಂಡಾರ ನಾಲಗಿಗೆ ಹಚ್ಚತಾರ್ರಿ" ಅಂದುಬಿಟ್ಟೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಮೇಡಂಗೆ ಕೇಳಿಸಿತು.

ಭಂಡಾರ ಅಂದರೆ ನಮ್ಮ ಕುಲದೇವರು ಬೀರಪ್ಪನಿಗೆ ಏರಿಸುವ ಹಳದಿ ಪುಡಿ. ಹಣೆಗೆ ಹಚ್ಚುತ್ತೇವೆ, ಮಕ್ಕಳಿಗೆ ಜಡ್ಡಾದರೆ ನಾಲಿಗೆಗೂ ಇಡುತ್ತೇವೆ. ಮಾಳು ಸೊರಗಿದಷ್ಟೂ ಮಾವನ ಚಿಟಿಕೆ ದೊಡ್ಡದಾಗುತ್ತಿತ್ತು. ಮೊಮ್ಮಗನ ಮೇಲೆ ಅಷ್ಟು ಜೀವ ಅವರಿಗೆ.

ಮಾವ ನನ್ನ ಕಡೆ ನೋಡಲಿಲ್ಲ. "ನಾ ಹುಟ್ಟಿದಾಗಿಂದ ತಿನ್ನಾಕತ್ತೀನಿ. ಸತ್ತೇನೇನ?" ಅಂದರು.

ಕನ್ನಡ ತಿಳಿದರೂ ಆಡಲು ಬಾರದ ಮೇಡಂ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು... ದೇವರ ಮೇಲೆ ನನಗೆ ಸಂಶಯವಿಲ್ಲ, ಪ್ಯಾಕೆಟ್ಟಿನ ಪುಡಿಯ ಮೇಲೆ ಇದೆ. ಹಳದಿ ಹೊಳೆಯಲಿ ಅಂತ ಕೆಲವರು ಸೀಸದ ಬಣ್ಣ ಬೆರೆಸುತ್ತಾರೆ. ದೊಡ್ಡವರಿಗಿಂತ ಸಣ್ಣ ಮಕ್ಕಳ ಮೈ ಅದನ್ನು ಬೇಗ ಹೀರುತ್ತದೆ.

"ನಿಮ್ಮ ಪೆಟಗಿ ಖರೇ ಹೇಳತೈತಂತ ಹ್ಯಾಂಗ ನಂಬೂದ್ರಿ?"

ಕಿವಿಯ ಗುರುತು ನೋಡಿ ಯಾರ ಕುರಿ ಅಂತ ನೀವು ಹೇಳುತ್ತೀರಲ್ಲ, ಕಿಡಿಯ ಬೆಳಕಿನಲ್ಲಿ ಸೀಸಕ್ಕೂ ಅದರದೇ ಗುರುತು ಇರುತ್ತದೆ ಅಂದರು ಮೇಡಂ.

ಮಾವ ಪ್ಯಾಕೆಟ್ ಎತ್ತಿಕೊಂಡು ಒಳಗೆ ಹೋದರು. ಹೊರಗೆ ಬಂದಾಗ ಅಂಗೈಯಲ್ಲಿ ಮೂರು ಕಾಗದದ ಪೊಟ್ಟಣಗಳಿದ್ದವು.

"ಯಾವುದರಾಗ ಏನೈತಿ ನಾ ಹೇಳೂದಿಲ್ಲ. ನಿಮ್ಮ ಪೆಟಗೀನ ಹೇಳಲಿ. ತಪ್ಪಿತಂದ್ರ ಚಾ ಕುಡದು ಹೊಂಡ್ರಿ."

ಮೇಡಂ ನಕ್ಕುಬಿಟ್ಟರು. ನಮ್ಮ ಲ್ಯಾಬಿನಲ್ಲೂ ಹೀಗೇ ಮಾಡುತ್ತೇವೆ ಅಂದರು.

ನನಗೆ ನಗು ಬರಲಿಲ್ಲ. ಮಷೀನು ತಪ್ಪಿದರೆ ನಾಳೆ ಮುಂಜಾನೆ ಮಾಳುವಿನ ನಾಲಿಗೆಗೆ ಮತ್ತೆ ಅದೇ ಪುಡಿ. ತಡೆಯಲು ನನ್ನಿಂದ ಆಗುವುದಿಲ್ಲ.

ಮೊದಲ ಪೊಟ್ಟಣ. ಟಕ್... ಟಕ್... ಟಕ್... ಮೇಡಂ ಪರದೆಯ ಒಂದು ಗೆರೆಯ ಮೇಲೆ ಬೆರಳಿಡುತ್ತಾರೆ. ಸೀಸ ಇದೆ.

ಎರಡನೆಯದು. ಇಲ್ಲ.

ಮೂರನೆಯದು. ಇದೆ.

ಮನೆಯಲ್ಲಿದ್ದದ್ದು ಒಂದೇ ಪ್ಯಾಕೆಟ್; ಒಂದರಲ್ಲಿ ಅದು, ಉಳಿದೆರಡರಲ್ಲಿ ಅಡುಗೆಯ ಪುಡಿ ಅಂತ ನನ್ನ ಎಣಿಕೆ. ಎರಡು ಪೊಟ್ಟಣದಲ್ಲಿ ಸೀಸ ಹೇಗೆ ಬರುತ್ತದೆ? ಮಷೀನು ಎಡವಿತು ಅಂದುಕೊಂಡೆ. ಮಾವನ ಬಾಯಿ ನೋಡುತ್ತಾ ನಿಂತೆ.

ಅವರು ಗೋಡೆ ಹಿಡಿದು ನಿಧಾನವಾಗಿ ಕುಳಿತರು.

ಮೊದಲನೆಯದು ಪ್ಯಾಕೆಟ್ಟಿನದು, ಎರಡನೆಯದು ಅಡುಗೆಯ ಅರಿಸಿನವಂತೆ. ಮೂರನೆಯದು ಅವರ ಸೊಂಟದ ಚೀಲದ ಭಂಡಾರ. ಸಂತೆಯಿಂದ ತಂದ ದಿನ ಅದೇ ಪ್ಯಾಕೆಟ್ಟಿನಿಂದ ತುಂಬಿಕೊಂಡಿದ್ದರಂತೆ. ಅದು ಅವರೊಬ್ಬರಿಗೇ ಗೊತ್ತಿತ್ತು.

"ನನ್ನ ಕೈಲೇ ಹಾಕೀನಲ್ಲ ಯವ್ವಾ..." ಅಂದರು. ಮೇಡಂಗಲ್ಲ, ನನಗೆ.

ಅಷ್ಟರಲ್ಲಿ ಮಾಳು ಅವರ ತೊಡೆ ಏರಲು ಹೋದ. ಅವರು ಹಳದಿಯಾಗಿದ್ದ ಬೆರಳುಗಳನ್ನು ಮಡಚಿಕೊಂಡು, "ತಡಿ, ತಡಿ ನನ ಅಪ್ಪಾ, ಕೈ ತೊಳಕೋತೀನಿ" ಅಂತ ಎದ್ದು ಬಚ್ಚಲಿಗೆ ಹೋದರು. ಭಾಳ ಹೊತ್ತು ನೀರಿನ ಸಪ್ಪಳ ಕೇಳುತ್ತಿತ್ತು.

ಈಗ ಮಾವ ಅರಿಸಿನ ಕೊಂಬು ತಂದು ಒರಳಲ್ಲಿ ತಾವೇ ಕುಟ್ಟುತ್ತಾರೆ. ಅದು ದೇವರಿಗೆ, ನಮ್ಮ ಹಣೆಗೆ.

ಮಾಳುವಿನ ರಕ್ತದಲ್ಲಿ ಸೀಸ ಇಳಿಯುತ್ತಿದೆ, ರೊಟ್ಟಿ ಕೇಳಿ ತಿನ್ನುತ್ತಾನೆ. ಹೋದ ಮಾತುಗಳೆಲ್ಲ ವಾಪಸ್ ಬರುತ್ತವೋ ಇಲ್ಲವೋ ಡಾಕ್ಟರೂ ಖಚಿತ ಹೇಳುತ್ತಿಲ್ಲ. ಕಾಯುತ್ತಿದ್ದೇವೆ...

ನಿಮ್ಮ ಮನೆಯ ಭಂಡಾರ ಎಲ್ಲಿ ಕೊಂಡದ್ದು, ಅದರಲ್ಲಿ ಏನಿದೆ ಅಂತ ಮಕ್ಕಳ ಬಾಯಿಗೆ ಇಡುವ ಮೊದಲು ಒಂದು ಸಲ ಕೇಳಿಕೊಳ್ಳುತ್ತೀರಾ?