ತೆಲುಗಿನಲ್ಲಿ ಸಿಟ್ಟಾಗುತ್ತಿದ್ದ ಟೀಚರ್

ಸುಮಿತ್ರಾ ಟೀಚರಿಗೆ ತೆಲುಗು ಬರುತ್ತಿರಲಿಲ್ಲ. ಆದರೆ ಸಿಟ್ಟು ಬಂದರೆ ಅವರು ಬೈಯುತ್ತಿದ್ದದ್ದು ತೆಲುಗಿನಲ್ಲೇ.

ಬೀದರ್ ಕಡೆಯ ಠಾಣಾ ಕುಶನೂರಿನ ಶಾಲೆಯಲ್ಲಿ ನಮಗೆ ಗಣಿತ ಕಲಿಸುತ್ತಿದ್ದ ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಎದುರಿನವರ ನೀರಿಳಿಸಬಲ್ಲ ನಾಲಗೆ. ಆ ಮೂರನ್ನೂ ಬಿಟ್ಟು "ನುವ್ವು... ನುವ್ವು..." ಅಂದರೆ "ನೀನು... ನೀನು..." ಎಂದು ತಡವರಿಸುತ್ತ ನಿಲ್ಲುತ್ತಿದ್ದರು. ಒಮ್ಮೆ ಹಿಂದಿನ ಬೆಂಚಿನವನೊಬ್ಬ ಗದ್ದಲ ಮಾಡಿದಾಗ ಶಬ್ದ ಸಿಗದೆ ನಮ್ಮನ್ನೇ ಕೇಳಿದರು: "ಏ, ತೆಲುಗಿನ್ಯಾಗ ಕತ್ತಿಗಿ ಏನಂತಾರ?"

"ಗಾಡಿದ ರೀ ಟೀಚರ್," ಎಂದು ಅವನೇ ಎದ್ದು ಹೇಳಿಕೊಟ್ಟ. ಕತ್ತೆ ಯಾರೆಂದು ಅವನಿಗೂ ಗೊತ್ತಿತ್ತು. ಟೀಚರೂ ನಕ್ಕುಬಿಟ್ಟರು.

ಹೀಗೇಕೆ ಎಂದು ಕೇಳಿದರೆ, "ಬರೋ ಭಾಷಾದಾಗ ಬಾಯಿ ಮುಂದ ಓಡ್ತದವ್ವ, ಬುದ್ಧಿ ಹಿಂದ ಉಳೀತದ. ಬರಲಾರದ್ದರಾಗ ಬುದ್ಧಿನೇ ಮುಂದ ನಡೀಬೇಕಾಗ್ತದ," ಎನ್ನುತ್ತಿದ್ದರು. ನಾವು ಅದನ್ನು ತಮಾಷೆ ಎಂದುಕೊಂಡಿದ್ದೆವು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಪ್ಪ ಟಿ.ಸಿ. ಕೇಳಲು ಬಂದ. ಅಣ್ಣ ಬೇರೆ ಮನೆ ಮಾಡಿದ್ದ, ಕುರಿ ಕಾಯಲು ನಾನು ಬೇಕಾಗಿದ್ದೆ. ಟೀಚರ್ ಒಪ್ಪಲಿಲ್ಲ. ಅಪ್ಪನ ದನಿ ಏರುತ್ತ ಹೋಗಿ ಕೊನೆಗೆ, "ನಿಮಗ ಮಕ್ಕಳಿಲ್ಲ. ಮಂದಿ ಮಕ್ಕಳ ಮ್ಯಾಲ ಯಾಕ ಇಷ್ಟು ಹಕ್ಕು ರೀ?" ಎಂದುಬಿಟ್ಟ.

ಟೀಚರ್ ತಿರುಗಿ ಒಂದು ಮಾತು ಬೈದಿದ್ದರೂ ಅಪ್ಪ ನನ್ನ ರಟ್ಟೆ ಹಿಡಿದು ಎಳೆದೊಯ್ಯುತ್ತಿದ್ದ, ನನ್ನ ಓದು ಅಲ್ಲಿಗೆ ಮುಗಿಯುತ್ತಿತ್ತು. ಟೀಚರ ಕುತ್ತಿಗೆಯ ನರ ಉಬ್ಬಿತು. "ನುವ್ವು..." ಎಂದರು. ನಿಂತರು. "ಮೀರು..." ಎಂದು ತಿದ್ದಿಕೊಂಡರು. ಅಂಥ ಮಾತು ಕೇಳಿಸಿಕೊಂಡ ಮೇಲೂ ಆ ಬಾಯಿ "ನೀನು" ಎಂಬುದನ್ನು "ನೀವು" ಮಾಡಿಕೊಂಡಿತ್ತು!

ಆಮೇಲೆ ಮೆಲ್ಲಗೆ ಕನ್ನಡದಲ್ಲಿ ಹೇಳಿದರು: "ಖರೇ ಅದ ರೀ, ನನಗ ಮಕ್ಕಳಿಲ್ಲ. ಹತ್ತನೇದು ಮುಗಿಯೋತನಕ ಈಕೀನ ನನಗ ಕೊಡ್ರಿ. ಆಮ್ಯಾಲ ನಿಮ್ಮ ಮಗಳೇ."

ಅಪ್ಪ ಮತ್ತೆ ಟಿ.ಸಿ. ಕೇಳದೆ ಹೊರಟುಹೋದ.

ಎಷ್ಟೋ ವರ್ಷಗಳ ಮೇಲೆ, ನನಗೆ ನರ್ಸ್ ಕೆಲಸದ ಆರ್ಡರು ಕೈಗೆ ಬಂದ ದಿನ ಬೀದರಿನ ಚಿದ್ರಿಯಲ್ಲಿದ್ದ ಅವರ ಮನೆಗೆ ಓಡಿದೆ. ಅದೇ ಕೊನೆಯ ಭೇಟಿಯಾಯಿತು. ಕಾಯಿಲೆ ಆಗಲೇ ಅವರನ್ನು ಅರ್ಧ ಮಾಡಿತ್ತು. ಸುದ್ದಿ ಕೇಳಿದ್ದೇ ತಡ, ಓಣಿಯವರು ಬಾಗಿಲಿಗೆ ಬರುವಷ್ಟು ಜೋರಾಗಿ ಅತ್ತರು. ಅವರು ಅತ್ತದ್ದನ್ನು ನಾನು ನೋಡಿಯೇ ಇರಲಿಲ್ಲ. ಗಾಬರಿಯಾಗಿ, "ಸಾಕು ರೀ ಟೀಚರ್, ಸಮಾಧಾನ ಮಾಡ್ಕೋರಿ," ಎಂದೆ.

"ಸುಮ್ಮಿರವ್ವ," ಎಂದರು. "ನಿಮ್ಮಪ್ಪ ಆ ಮಾತು ಅಂದ ದಿನದ ಅಳು ಇದು. ಇಷ್ಟು ವರ್ಷ ಇಟ್ಕೊಂಡಿದ್ದೆ. ಇವತ್ತ ಅಳ್ತೇನಿ."